ನಾಂದಿ ಮೊದಲೋ, ಪುರುಡು ಮೊದಲೋ

ಫೆಬ್ರುವರಿ 3, ಮಂಗಳವಾರ

ಮಷೀನು ಮತ್ತೆ ಪೇಪರ್ ಕಚ್ಚಿಕೊಂಡಿತು. ಟೋನರ್ ಮುಗಿಯುತ್ತಾ ಬಂದಿದೆ. ಶನಿವಾರವೇ ತರಬೇಕಿತ್ತು. ತರಲಿಲ್ಲ. ಈಗ ಅಕ್ಷರ ತೆಳುವಾಗಿ ಬಂದು, ಅದರಿಂದಲೇ ಶ್ರೀವಲ್ಲಿ ಫೇಲಾದರೆ?

ಅಣ್ಣನ ಮಗಳ ಥೀಸಿಸ್. ಬೆಂಗಳೂರಿನಲ್ಲಿ ಜೆರಾಕ್ಸ್ ಸಿಗುವುದಿಲ್ಲವೇ? ಸಿಗುತ್ತದೆ. "ಚಿಕ್ಕಪ್ಪನ ಅಂಗಡಿ ಇರುವಾಗ ಬೇರೆ ಕಡೆ ಯಾಕೆ" ಎಂದು ಚಿಕ್ಕಬಳ್ಳಾಪುರಕ್ಕೇ ಹೊತ್ತು ತಂದಿದ್ದಾಳೆ. ಬಿ.ಬಿ. ರಸ್ತೆಯಲ್ಲಿ ಇಷ್ಟೊಂದು ಅಂಗಡಿ, ಪಿಎಚ್‌ಡಿ ಬಂದಿದ್ದು ನನ್ನಲ್ಲಿಗೆ ಮಾತ್ರ. ಸಂತೋಷ. ಭಯ. ಎಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು ಸ್ಕೂಲು ಬಿಟ್ಟವನ ಕೈಗೆ ಇದನ್ನು ಕೊಡಬಹುದೇ?

ಮೊದಲ ಪುಟದಲ್ಲಿ ಓದಲು ಬಂದದ್ದು ಎರಡೇ ಮಾತು. ರಿಲೇಟಿವಿಟಿ. ಕೊಲ್ಯಾಪ್ಸ್. ಡಿಕ್ಷನರಿ ನೋಡಿದೆ. ಕೊಲ್ಯಾಪ್ಸ್ — ಕುಸಿತ, ಬಿದ್ದುಹೋಗುವುದು. ಇಪ್ಪತ್ತನೇ ತಾರೀಖು ಮದುವೆ ಇಟ್ಟುಕೊಂಡು ಇಂಥ ಹೆಸರು ಯಾಕೆ ಬೇಕಿತ್ತು!

ಈಗಾಗಲೇ ಎರಡು ಸಲ ಮುಂದೆ ಹೋದ ಮದುವೆ. ಒಂದು ಸಲ ಹುಡುಗನ ತಾತ ತೀರಿಕೊಂಡರು. ಇನ್ನೊಂದು ಸಲ ಅತ್ತಿಗೆಗೆ ಆಪರೇಷನ್. ಮೂರನೇ ಸಲ ನಿಂತರೆ ದೈವಕ್ಕೇ ಇಷ್ಟವಿಲ್ಲ ಎಂದು ಸಂಬಂಧ ಬಿಟ್ಟುಬಿಡುತ್ತೇವೆ ಅಂತ ಚಿಂತಾಮಣಿಯ ಬೀಗಿತ್ತಿ ಹೇಳಿಯಾಗಿದೆ. ಹುಡುಗ ಅಲ್ಲೇ ಕಾಲೇಜಿನಲ್ಲಿ ಲೆಕ್ಚರರ್. ಒಳ್ಳೆಯವನು. ಅವನ ಫೋನ್ ಬಂದಾಗ ಶ್ರೀವಲ್ಲಿಯ ಮುಖ ನೋಡಬೇಕು...

ನಾಳೆ ಟೋನರ್. ಮರೆಯಬಾರದು.

ಫೆಬ್ರುವರಿ 6, ಶುಕ್ರವಾರ

ಗೌರಿಬಿದನೂರಿನಿಂದ ಗಣೇಶನ ಫೋನ್. ನನ್ನ ಮಗ. ಹೆಂಡತಿ ತನುಜ ಹೆರಿಗೆಗೆ ತವರಿಗೆ ಹೋದಾಗಿನಿಂದ ಅವನೂ ಅಲ್ಲೇ ಇದ್ದಾನೆ. ಡಾಕ್ಟರು ಬಿ.ಪಿ. ಸ್ವಲ್ಪ ಜಾಸ್ತಿ ಎಂದರಂತೆ. ಮೊದಲು ಮಾರ್ಚ್ ಎಂದಿದ್ದರು. ಈಗ "ಯಾವಾಗ ಬೇಕಾದರೂ".

ಗಣೇಶ ಹುಟ್ಟುವಾಗ ಅವನಮ್ಮನಿಗೂ ಇದೇ ಬಿ.ಪಿ. ಅವತ್ತು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಮರಗಟ್ಟಿದ ಕಾಲು ಇನ್ನೂ ಪೂರ್ತಿ ನನ್ನದಾಗಿಲ್ಲ. ಅವಳು ಉಳಿದಳು. ಬಹಳ ವರ್ಷ ಇದ್ದಳು. ಈಗಿಲ್ಲ. ಇದ್ದಿದ್ದರೆ ಈ ಭಯದಲ್ಲಿ ಅರ್ಧ ಅವಳು ಪಡುತ್ತಿದ್ದಳು.

ಇದು ಒಂದು ಭಯ. ಇನ್ನೊಂದು ಸಂಜೆಯ ಹೊತ್ತಿಗೆ ಹೊಳೆಯಿತು. ಮಗು ಹುಟ್ಟಿದರೆ ನಮ್ಮ ಗೋತ್ರದವರಿಗೆಲ್ಲ ಹತ್ತು ದಿನ ಪುರುಡು, ಹುಟ್ಟಿನ ಸೂತಕ. ಅಣ್ಣನಿಗೂ. ಪುರುಡಿನಲ್ಲಿ ಅಣ್ಣ ಮಗಳನ್ನು ಧಾರೆ ಎರೆಯುವ ಹಾಗಿಲ್ಲ. ಆದರೆ ಮದುವೆಗೆ ಮುಂಚಿನ ನಾಂದಿ ಒಂದು ಆಗಿಬಿಟ್ಟರೆ, ಪಿತೃಗಳನ್ನು ಕರೆದು ಕೂರಿಸಿದ ಮೇಲೆ, ಯಾರು ಹುಟ್ಟಿದರೂ ಯಾರು ಹೋದರೂ ಮದುವೆ ನಿಲ್ಲುವುದಿಲ್ಲ.

ಅಂದರೆ... ನಾಂದಿ ಮೊದಲೋ, ಮಗು ಮೊದಲೋ.

ನಮ್ಮ ಪುರೋಹಿತರು ಅವಧಾನಿಗಳ ಮನೆಗೆ ಓಡಿದೆ. ನಾಂದಿ ನಾಳೆಯೇ ಇಟ್ಟುಬಿಡಿ ಎಂದು ಕೇಳಲು. ಜಗುಲಿಯ ಮೇಲೆ ಒಬ್ಬರೇ ಕೂತಿದ್ದರು, ಗಡ್ಡ ಬಿಟ್ಟುಕೊಂಡು.

"ದೂರ ನಿಂತ್ಕೊಳಯ್ಯ. ನನಗೇ ಸೂತಕ. ಹಿಂದೂಪುರದಲ್ಲಿ ದಾಯಾದಿಯೊಬ್ಬರು ಹೋದ್ರು."

ಅವರ ಸೂತಕ ಕಳೆಯಬೇಕು. ಆಮೇಲೆ ಅಮಾವಾಸ್ಯೆ. ಅದರ ಮಾರನೇ ದಿನ ಪಾಡ್ಯ, ಬೇಡ. ಹತ್ತೊಂಬತ್ತರ ಬೆಳಿಗ್ಗೆಗಿಂತ ಮುಂಚೆ ಸಾಧ್ಯವೇ ಇಲ್ಲ ಎಂದರು.

"ಬೇರೆಯವರನ್ನ..." ಎಂದೆ, ಮೆಲ್ಲಗೆ.

"ಕರೆಸ್ಕೋ. ನಿಮ್ಮಣ್ಣ ಒಪ್ತಾನಾ ಕೇಳು ಮೊದಲು."

ಒಪ್ಪುವುದಿಲ್ಲ. ಅಣ್ಣನ ಉಪನಯನ ಮಾಡಿಸಿದವರು ಇವರ ತಂದೆ.

"ಮಗು ಹುಟ್ಟಿ, ನಮಗೆ ಗೊತ್ತೇ ಆಗದೆ ಇದ್ರೆ?"

"ಗೊತ್ತಾದಾಗಿನಿಂದ ಪುರುಡು. ಕಿವಿಗೆ ಬೀಳೋವರೆಗೂ ನೀನು ಶುದ್ಧವೇ."

"ಅಂದ್ರೆ ಅಲ್ಲಿ ಹುಟ್ಟಿದ ತಕ್ಷಣ ಇಲ್ಲಿ ಏನೂ ಆಗಲ್ವಾ?"

"ಅಲ್ಲಿರೋರಿಗೆ ಅಲ್ಲಿ. ಇಲ್ಲಿಗೆ ಸುದ್ದಿ ಬಂದ ಮೇಲೆ ಇಲ್ಲಿರೋರಿಗೆ. ಹೋಗಯ್ಯ, ಒಂದು ಲೋಟ ಕಾಫಿ ಕೊಡೋಕೂ ಆಗದ ಹೊತ್ತಲ್ಲಿ ಬಂದು ತರ್ಕ ಮಾಡ್ತೀಯ."

ಫೆಬ್ರುವರಿ 8, ಭಾನುವಾರ

ಅಣ್ಣನ ಮನೆಯಲ್ಲಿ ತಾಂಬೂಲದ ಚೀಲ ತುಂಬಿದೆವು. ನಾನು ತೆಂಗಿನಕಾಯಿ, ಶ್ರೀವಲ್ಲಿ ಎಲೆ ಅಡಿಕೆ. ನನ್ನ ಭಯವನ್ನೆಲ್ಲ ಅವಳ ಮುಂದೆ ಸುರಿದೆ. ಮದುಮಗಳಿಗೆ ಹೇಳಬಾರದಿತ್ತು. ಹೇಳಿದ ಮೇಲೆ ಅನ್ನಿಸಿತು. ಅವಳು ನಕ್ಕಳು!

"ಚಿಕ್ಕಪ್ಪ, ನಿಮ್ಮ ತಲೆನೋವೂ ನನ್ನ ಥೀಸಿಸ್ಸೂ ಅಕ್ಕಪಕ್ಕದ ಮನೆಯವು."

ಹೇಳು ಎಂದೆ. ಹೇಳಿದಳು. ನೆನಪಿರುವಷ್ಟು ಬರೆದಿಡುತ್ತೇನೆ. ನಾಳೆಗೆ ಇದೂ ಹೋಗುತ್ತದೆ.

ಜೋಡಿಯಾಗಿ ಹುಟ್ಟಿದ ಎರಡು ಕಣ. ಒಂದು ಚಿಂತಾಮಣಿಗೆ ಹೋಯಿತು, ಒಂದು ಗೌರಿಬಿದನೂರಿಗೆ. ಅಳೆಯುವವರೆಗೂ ಎರಡಕ್ಕೂ ಇಂಥದ್ದೇ ಎಂಬ ಉತ್ತರ ಇರುವುದಿಲ್ಲ. ಚಿಂತಾಮಣಿಯಲ್ಲಿ ಯಾರೋ ಅಳೆದರು. "ಮೇಲೆ" ಎಂದು ಬಂತು. ಆಗ ಗೌರಿಬಿದನೂರಿನದು "ಕೆಳಗೆ" ಎಂದು ಗಟ್ಟಿಯಾಗುತ್ತದೆ. ಹೀಗೂ ಹಾಗೂ ಆಗಬಹುದಾಗಿದ್ದದ್ದು ಒಂದೇ ಆಗಿ ನಿಲ್ಲುವುದು — ಅದಕ್ಕೇ ಕುಸಿತ ಎನ್ನುವುದಂತೆ. ಮನೆ ಬೀಳುವ ಕುಸಿತ ಅಲ್ಲ. ಸದ್ಯ.

"ಗೌರಿಬಿದನೂರಲ್ಲಿ ತಕ್ಷಣ ಆಗುತ್ತಾ?"

"ಯಾರ ತಕ್ಷಣ, ಚಿಕ್ಕಪ್ಪ?"

ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ತಕ್ಷಣ ಅಂದರೆ ತಕ್ಷಣ. ಅದರಲ್ಲಿ ನಿನ್ನದು ನನ್ನದು ಇದೆಯೇ?

ಇದೆಯಂತೆ. ಓಡುವ ರೈಲಿನಲ್ಲಿ ಕೂತವರ "ಈಗ" ಬೇರೆ, ಪ್ಲಾಟ್‌ಫಾರಂನಲ್ಲಿ ನಿಂತವರ "ಈಗ" ಬೇರೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆಳಕು ಕೂಡ ಹೋಗಿ ಮುಟ್ಟಲಾಗದಷ್ಟು ಬೇಗ ಎರಡು ಸಂಗತಿ ನಡೆದರೆ, ಯಾವುದು ಮೊದಲು ಎಂದು ಒಬ್ಬರು ಒಂದು ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು. ಇಬ್ಬರೂ ಸರಿ. ಹಾಗಿದ್ದ ಮೇಲೆ ಕುಸಿತ ನಡೆದದ್ದು ಯಾರ "ಈಗ"ದಲ್ಲಿ? ಜಗಳ ಇದೇ.

ನನಗೆ ಫಕ್ಕನೆ ಹೊಳೆಯಿತು. "ಹಂಗಾದ್ರೆ ನಾನು ಸುದ್ದಿ ಕೇಳೋವರೆಗೂ ಮಗು ಹುಟ್ಟಿಯೂ ಇರುತ್ತೆ, ಹುಟ್ಟದೆಯೂ ಇರುತ್ತೆ!"

"ತನುಜ ಅತ್ತಿಗೆ ಮುಂದೆ ಮಾತ್ರ ಇದನ್ನ ಹೇಳ್ಬೇಡಿ, ಹೊಡೀತಾರೆ." ಅಡಿಕೆ ಚೆಲ್ಲುವಷ್ಟು ನಕ್ಕಳು. "ಅದು ಬರೀ ನಿಮಗೆ ಗೊತ್ತಿಲ್ಲದೆ ಇರೋದು. ಕಣದ್ದು ಹಂಗಲ್ಲ. ಅಲ್ಲಿ ಗೊತ್ತು ಮಾಡ್ಕೊಳ್ಳೋಕೆ ಉತ್ತರಾನೇ ಇರಲ್ಲ."

"ಮತ್ತೆ ಜಗಳ ತೀರಿತಾ?"

"ಚಿಂತಾಮಣಿಯಲ್ಲಿ ಏನೇ ಅಳೀಲಿ, ಸುದ್ದಿ ಬಂದು ಮುಟ್ಟೋವರೆಗೂ ಗೌರಿಬಿದನೂರಿನೋರಿಗೆ ಒಂದಿಷ್ಟೂ ವ್ಯತ್ಯಾಸ ಕಾಣಲ್ಲ. ಯಾರನ್ನ ಮೊದಲು ಇಟ್ಟು ಲೆಕ್ಕ ಹಾಕಿದ್ರೂ ಕೊನೇಲಿ ಬರೋದು ಒಂದೇ. ಅದಕ್ಕೇ ನಾನು ಹೇಳೋದು, ಕುಸಿತ ಅನ್ನೋದು ಊರೆಲ್ಲ ಒಂದೇ ಏಟಿಗೆ ಹಬ್ಬೋ ಸಂಗತಿ ಅಲ್ಲ. ಅವರವರ ಜಾಗದಲ್ಲಿ, ಅವರವರಿಗೆ."

"ಎಲ್ಲರೂ ಒಪ್ತಾರಾ?"

"ಎಲ್ಲಿ! ಕುಸಿತ ನಿಜವಾಗಿ ನಡೆಯೋ ಸಂಗತೀನೇ ಅನ್ನೋರಿದ್ದಾರೆ. ಅರ್ಧ ಥೀಸಿಸ್ಸು ಅವರ ಜೊತೆ ಕಿತ್ತಾಟ."

ಅರ್ಥವಾಯಿತೋ ಇಲ್ಲವೋ. ಒಂದು ಮಾತು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ. ಸುದ್ದಿ ಬರುವವರೆಗೂ ಇಲ್ಲಿ ವ್ಯತ್ಯಾಸವಿಲ್ಲ. ಅವಧಾನಿಗಳೂ ಅದೇ ಹೇಳಿದ್ದು. ಸುದ್ದಿ ಬರುವುದು ಫೋನಿನಲ್ಲಿ.

ಫೋನ್ ನಿಲ್ಲಿಸಬೇಕು.

ಫೆಬ್ರುವರಿ 9, ಸೋಮವಾರ

ಗಣೇಶನಿಗೆ ಹೇಳಿದೆ. ನಾಂದಿ ಮುಗಿಯುವವರೆಗೂ ಹೆರಿಗೆಯ ಸುದ್ದಿ ನಮಗ್ಯಾರಿಗೂ ಹೇಳಕೂಡದು.

"ಸರಿ ಅಪ್ಪ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

ಅದನ್ನು ಯೋಚಿಸಿರಲಿಲ್ಲ. ಯೋಚಿಸಿದ ಮೇಲೆ ಗೌರಿಬಿದನೂರಿನ ಬಸ್ಸುಗಳ ಹೊತ್ತು ಬರೆದಿಟ್ಟುಕೊಂಡೆ.

ಫೆಬ್ರುವರಿ 11, ಬುಧವಾರ

ದಾರಿ ಸಿಕ್ಕಿತು. ಅಕ್ಕಯ್ಯಮ್ಮ! ನಮ್ಮಪ್ಪನ ತಂಗಿ. ಮದುವೆಯಾಗಿ ಹೋದವರು, ಗೋತ್ರ ಬೇರೆ. ನಮ್ಮ ಪುರುಡು ಅವರಿಗೆ ತಾಗುವುದಿಲ್ಲ. ಗಣೇಶ ಅವರಿಗೆ ಫೋನ್ ಮಾಡಲಿ. ತೊಂದರೆ ಏನಾದರೂ ಇದ್ದರೆ ಅವರು ಹೇಳಲಿ, ಓಡುತ್ತೇನೆ. ಹುಟ್ಟಿ ಎಲ್ಲ ಚೆನ್ನಾಗಿದ್ದರೆ ನಾಂದಿ ಮುಗಿಯುವವರೆಗೂ ಬಾಯಿ ಬಿಡದೆ ಇರಲಿ.

ಅಂಗಡಿ ಮುಚ್ಚಿ ಶಿಡ್ಲಘಟ್ಟದ ಬಸ್ಸು ಹತ್ತಿದೆ. ಅವರ ಬೀದಿಯಲ್ಲೆಲ್ಲ ರೇಷ್ಮೆಗೂಡು ಬೇಯಿಸುವ ವಾಸನೆ. ಅತ್ತೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು.

"ಫೋನ್ ತಾನೇ, ಎತ್ತುತೀನಿ. ಆದ್ರೆ ನಾಯನಾ, ನನ್ನ ಮುಖ ನೋಡಿದ್ರೆ ನಿಂಗೆ ಗೊತ್ತಾಗೋಗುತ್ತಲ್ಲೋ?"

"ನಿಮ್ಮ ಮುಖ ನೋಡಲ್ಲ, ಅತ್ತೆ."

"ನೀನಾ! ಹಾಲು ಉಕ್ಕುತ್ತೋ ಏನೋ ಅಂತ ಒಲೆ ಹತ್ತಿಸೋಕೆ ಮುಂಚೆ ಬಂದು ನಿಂತ್ಕೊಳ್ಳೋನು ನೀನು."

ಫೆಬ್ರುವರಿ 15, ಭಾನುವಾರ. ಶಿವರಾತ್ರಿ

ತನುಜ ಅವರಮ್ಮನ ಜೊತೆ ವಿದುರಾಶ್ವತ್ಥಕ್ಕೆ ಹೋಗಿ ಬಂದಳಂತೆ. ಆಟೋದಲ್ಲಿ! ಈ ಸ್ಥಿತಿಯಲ್ಲಿ! ಫೋನ್ ಮಾಡಿ ಕೂಗಾಡಿದೆ. "ನಾನು ಆರಾಮಾಗಿದ್ದೀನಿ ಮಾವ, ನೀವೊಂದ್ಸಲ ಬಿ.ಪಿ. ನೋಡಿಸ್ಕೊಳ್ಳಿ" ಎಂದಳು.

ನೋಡಿಸಿದೆ. ಅವಳದಕ್ಕಿಂತ ನನ್ನದೇ ಜಾಸ್ತಿ.

ಫೆಬ್ರುವರಿ 18, ಬುಧವಾರ

ಇನ್ನೂ ಇಲ್ಲ. ನಾಳೆ ಬೆಳಗಾದರೆ ನಾಂದಿ. ತಡಿಯಮ್ಮಾ, ಇನ್ನೊಂದೇ ಬೆಳಗು.

ಅಣ್ಣನ ಮನೆಯಲ್ಲಿ, ಮದುವೆಗೆ ಬಂದಿರುವ ಅತ್ತೆಯದೊಂದು ಬಿಟ್ಟು, ಎಲ್ಲರ ಫೋನೂ ಆಫ್ ಮಾಡಿಸಿ ಅಕ್ಕಿ ಡಬ್ಬಿಗೆ ಹಾಕಿಸಿದೆ. ದೊಡ್ಡ ಗಲಾಟೆ.

"ಅಡುಗೆಯೋನು ಕೇಳ್ತಾನೆ, ಹೂವಿನೋನು ಕೇಳ್ತಾನೆ, ಯಾರು ಉತ್ತರ ಕೊಡೋದು?" ಅತ್ತಿಗೆ.

"ಅಕ್ಕಯ್ಯತ್ತೆ ಕೊಡ್ತಾರೆ."

"ಅವರಿಗೆ ಕೊತ್ತಂಬರಿ ಎಷ್ಟು ಕಟ್ಟು ಅಂತ ಏನ್ ಗೊತ್ತು!"

"ನೂರು ಕಟ್ಟು ಅಂತ ಹೇಳ್ಬಿಡ್ತೀನಿ ಬಿಡೇ ಕನಕಾ," ಅತ್ತೆ ಒಳಗಿನಿಂದ.

ಅಣ್ಣ ಮೂವತ್ತು ವರ್ಷ ಹೈಸ್ಕೂಲ್ ಮೇಷ್ಟರಾಗಿದ್ದವನು. ಕನ್ನಡಕದ ಮೇಲಿಂದ ನನ್ನನ್ನು ನೋಡಿ, ತನ್ನ ಫೋನನ್ನು ತಾನೇ ತಂದು ಡಬ್ಬಿಗೆ ಹಾಕಿದ. ಶ್ರೀವಲ್ಲಿ ಮಾತ್ರ ಕೊನೆಗೆ ಕೊಟ್ಟಳು. "ಐದು ನಿಮಿಷ ಚಿಕ್ಕಪ್ಪ, ಅವರಿಗೆ ಗುಡ್‌ನೈಟ್ ಹೇಳಿಬಿಡ್ತೀನಿ." ಇನ್ನೂ ಸೂರ್ಯ ಮುಳುಗಿರಲಿಲ್ಲ.

ಫೆಬ್ರುವರಿ 19, ಗುರುವಾರ, ಬೆಳಿಗ್ಗೆ

ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲಿ. ಅವಧಾನಿಗಳು ನುಣ್ಣಗೆ ಗಡ್ಡ ತೆಗೆಸಿಕೊಂಡು ಬಂದಾಗಿದೆ. ಕಲಶ ಹೂಡುತ್ತಿದ್ದಾರೆ. ನಾಂದಿಗೆ ಇನ್ನು ಒಂದು ಗಂಟೆ. ಹೋಳಿಗೆ ಕಣಕ ಸಡಿಲವಾಗಿದೆಯೋ ಏನೋ...

ಅತ್ತೆಯ ಫೋನು ಹೊಡೆದುಕೊಂಡಿತು. ಹಿತ್ತಲಿಗೆ ಹೋದರು. ಹೂವಿನವನಿರಬೇಕು.

ಅದೇ ದಿನ, ಸ್ವಲ್ಪ ಹೊತ್ತಿನ ಮೇಲೆ

ಹೂವಿನವನಲ್ಲ. ತೆಲುಗಿನಲ್ಲಿ ಮಾತಾಡಿದರು. ಹೊರಗಿನವರ ಹತ್ತಿರ ಅತ್ತೆ ತೆಲುಗು ಆಡುವುದಿಲ್ಲ. ನೋಡಬಾರದೆಂದುಕೊಂಡೇ ನೋಡಿದೆ. ಮುಖ ಗೋಡೆಯ ಹಾಗಿತ್ತು. ಕಣ್ಣಲ್ಲಿ ನೀರು.

ನೀರು ಯಾಕೆ? ತೊಂದರೆಯಾಗಿದ್ದರೆ ಹೇಳಬೇಕು, ಹಾಗೆಂದೇ ಮಾತು. ಹೇಳಲಿಲ್ಲ. ಅಂದರೆ ಎಲ್ಲ ಚೆನ್ನಾಗಿದೆ. ಹಾಗಾದರೆ ಕಣ್ಣೀರು? ಮದುವೆ ಕೆಡಬಾರದು ಎಂದು ಕೆಟ್ಟದ್ದನ್ನೂ ನುಂಗಿಕೊಂಡಿದ್ದಾರೆಯೇ? ಕೇಳಿದರೆ ನನಗೆ ಪುರುಡು. ಈ ಮದುವೆಯ ಒಂದು ಎಲೆ ಮುಟ್ಟುವ ಹಾಗಿಲ್ಲ. ಆ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು ನಾನು, ಅಕ್ಷತೆ ಹಾಕುವ ಹಾಗಿಲ್ಲ. ಕೇಳದಿದ್ದರೆ ಒಂದು ಗಂಟೆ... ಒಂದು ಗಂಟೆ ತಾನೇ...

ಅದೇ ದಿನ, ಮತ್ತೆ

ಆಗಲಿಲ್ಲ. ಹಿತ್ತಲಿಗೆ ಹೋದೆ. ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು.

"ಹೇಳಿ ಅತ್ತೆ."

"ಕೇಳಿದ್ರೆ ನೀನು ಆಚೆ ಕಣೋ. ಬೀಗದ ಕೈ ಇಟ್ಟು ನಿಂತ್ಕೋಬೇಕಾಗುತ್ತೆ. ಇನ್ನೊಂಚೂರು ತಡಿ."

"ತನುಜ ಹೆಂಗಿದ್ದಾಳೆ? ಅದೊಂದು ಹೇಳಿ."

"ಅದೊಂದು ಹೇಳಿದ್ರೆ ಇನ್ನೊಂದೂ ಹೇಳಿದ ಹಂಗೇ ಅಲ್ವೇನೋ."

"ಹೇಳಿ."

ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಹೆಣ್ಣು ಮಗು. ಆಪರೇಷನ್ ಮಾಡಿ ತೆಗೆದ್ರು. ತಾಯೀನೂ ಚೆನ್ನಾಗಿದ್ದಾಳೆ, ಮಗೂನೂ ಚೆನ್ನಾಗಿದೆ. ಬಂಗಾ... ಬಂಗಾರದಂಗಿದೆಯಂತೆ" ಎಂದರು. ಆಮೇಲೆ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕೆವು. ಒಳಗೆ ಕೇಳಿಸಬಾರದಲ್ಲ.

ಬೀಗದ ಕೈ ಕಲ್ಲಿನ ಮೇಲಿಟ್ಟೆ. ನುಗ್ಗೆ ಮರದ ಕೆಳಗೆ ನಿಂತಿದ್ದೇನೆ. ಯಾವುದನ್ನೂ ಮುಟ್ಟಿಲ್ಲ. ಈ ಪೆನ್ನು ನನ್ನದೇ. ತೊಂದರೆಯಿಲ್ಲ ತಾನೇ?

ಅದೇ ದಿನ, ಮಧ್ಯಾಹ್ನ. ಗೌರಿಬಿದನೂರು ಬಸ್ಸಿನಲ್ಲಿ

ಮಂಚೇನಹಳ್ಳಿ ದಾಟಿತು. ಅಕ್ಷರ ಕುಣಿಯುತ್ತಿದೆ. ಕುಣಿಯಲಿ.

ನಾಂದಿ ಶುರುವಾದಾಗ ಅತ್ತಿಗೆ ಉಗ್ರಾಣಕ್ಕೆಂದು ಹಿತ್ತಲಿಗೆ ಬಂದರು. ನಾನು ಮರದ ಕೆಳಗೆ, ಬೀಗದ ಕೈ ಕಲ್ಲಿನ ಮೇಲೆ.

"ಇಲ್ಯಾಕೋ ನಿಂತಿದ್ದೀಯ? ಒಳಗೆ ಬಾರೋ ಕೇಶವ."

"ಬರಲ್ಲ ಅತ್ತಿಗೆ."

"ಯಾಕೆ..."

"ಕನಕಾ! ಅವನನ್ನೇನೂ ಕೇಳ್ಬೇಡ!" ಅತ್ತೆ ಕೂಗಿದರು.

ಅತ್ತಿಗೆ ನನ್ನನ್ನು ನೋಡಿದರು, ಕಲ್ಲನ್ನು ನೋಡಿದರು, ಕಣ್ಣರಳಿಸಿ ಎರಡೂ ಕಿವಿ ಮುಚ್ಚಿಕೊಂಡು ಒಳಗೆ ಓಡಿದರು. ನನ್ನ ನಿಲುವೇ ಸುದ್ದಿ ಹೇಳಿಬಿಟ್ಟಿತಲ್ಲ! ಅತ್ತಿಗೆಗೆ ಪುರುಡು ಬಂದಂತೆಯೇ? ಕಿಟಕಿ ಹತ್ತಿರ ಹೋಗಿ ಕೂಗಿದೆ. "ಅವಧಾನಿಗಳೇ, ಯಾರಾದ್ರೂ ಊಹೆ ಮಾಡಿದ್ರೆ ಅದೂ ಕೇಳಿದ ಹಾಗೇನಾ?"

ಮಂತ್ರದ ಮಧ್ಯದಿಂದಲೇ ಉತ್ತರ ಬಂತು. "ಊಹೆಗೆ ಪುರುಡಿಲ್ಲ! ಬಾಯಿ ಮುಚ್ಕೊಂಡು ನಿಂತ್ಕೋ!"

ಶ್ರೀವಲ್ಲಿ ಅಪ್ಪನ ಪಕ್ಕ ಮಣೆಯ ಮೇಲೆ ಕೂತಿದ್ದಳು. ಹೆಗಲು ಕುಲುಕುತ್ತಿತ್ತು. ಅಣ್ಣ ತಲೆ ಎತ್ತಲಿಲ್ಲ, ತುಟಿ ಮಾತ್ರ ಬಿಗಿದಿತ್ತು. ಅಣ್ಣ ನಗು ತಡೆಯುವುದು ಹಾಗೆಯೇ. ಮನೆಯಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ನಾನು ಹೊರಗೆ ನಿಂತು ಹಲ್ಲು ಕಿರಿಯುತ್ತಿದ್ದೆ. ಮುಖ ಮುಚ್ಚಿಕೊಳ್ಳೋಣವೆಂದರೂ ನಗು ಒಳಗೆ ಹೋಗದು.

ಮುಗಿಯಿತು. ಅಣ್ಣ ಮಡಿಪಂಚೆಯಲ್ಲೇ ಹಿತ್ತಲ ಬಾಗಿಲಿಗೆ ಬಂದ.

"ಈಗ ಕೇಳಬಹುದೇನೋ?"

"ಕೇಳಣ್ಣ."

"ಏನು ಮಗು?"

"ಹೆಣ್ಣು!" ಎಂದು ಕೂಗಿದೆ. ಆಚೆ ಬೀದಿಯವರೂ ಬಂದು ನೋಡಿದರು. ಅಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತುಬಿಟ್ಟ. ಎಲ್ಲರೂ ಕೇಳಿದರು, ಮದುವೆಗೆ ಯಾವ ಅಡ್ಡಿಯೂ ಇಲ್ಲ. ನನ್ನೊಬ್ಬನಿಗೆ ಬಿಟ್ಟು. "ನೀನು ಮೊದಲೇ ಕೇಳಿಬಿಟ್ಯಲ್ಲ, ನಾಂದಿ ನಿನ್ನ ಕಾಯಲ್ಲಪ್ಪ" ಎಂದರು ಅವಧಾನಿಗಳು.

ಶ್ರೀವಲ್ಲಿ ಕಿಟಕಿಯ ಸರಳು ಹಿಡಿದುಕೊಂಡು ನಿಂತಳು. "ಒಂದು ಗಂಟೆ ತಡೆಯೋಕಾಗ್ಲಿಲ್ವಾ ಚಿಕ್ಕಪ್ಪ? ನನ್ನ ಮದುವೇಲಿ ನೀವೇ ಇಲ್ವಾ?"

"ಅತ್ತೆ ಕಣ್ಣಲ್ಲಿ ನೀರಿತ್ತು ಕಣಮ್ಮ."

ನಾನೇ ಕೇಳಿದೆ, ಹಾಗಾದರೆ ಯಾವುದು ಮೊದಲು, ನಾಂದಿಯೋ ಮಗುವೋ?

"ಮಗೂನೇ. ಬೆಳಕಿಗೆ ಗೌರಿಬಿದನೂರು ಪಕ್ಕದ ಮನೆ, ಇಲ್ಲಿ ಗಡಿಯಾರ ನೋಡಿದ್ರೆ ಸಾಕು. ನಕ್ಷತ್ರದಷ್ಟು ದೂರ ಇದ್ದಿದ್ರೆ ಈ ಪ್ರಶ್ನೆಗೆ ಒಂದೇ ಉತ್ತರಾನೇ ಇರ್ತಿರಲಿಲ್ಲ." ಆಮೇಲೆ ಕಣ್ಣೊರೆಸಿಕೊಂಡು ನಕ್ಕಳು. "ಆದ್ರೆ ನೋಡಿ, ಇವತ್ತು ಅಜ್ಜಿಗೆ ಒಂದು ಸ್ಥಿತಿ, ನಿಮಗೆ ಒಂದು, ಅಪ್ಪನಿಗೆ ಒಂದು. ಯಾರೂ ತಪ್ಪಲ್ಲ. ಕೊನೇಲಿ ಹಿತ್ತಲ ಬಾಗಿಲಲ್ಲಿ ಸೇರಿದಾಗ ಎಲ್ಲರದ್ದೂ ಹೊಂದ್ಕೊಂತು. ಹೋಲಿಕೆ ಅಷ್ಟೇ ಮತ್ತೆ. ವೈವಾದಲ್ಲಿ ಹೇಳಿದ್ರೆ ನನ್ನ ಆಚೆ ಹಾಕ್ತಾರೆ."

"ನನ್ನ ಜೊತೆ ನುಗ್ಗೆ ಮರದ ಕೆಳಗೆ ನಿಂತ್ಕೋ."

"ಹೋಗಿ ಚಿಕ್ಕಪ್ಪ. ಮದುವೆ ಮುಗಿಯೋವರೆಗೂ ನಾವ್ಯಾರೂ ಮಗೂನ ಮುಟ್ಟೋ ಹಾಗಿಲ್ಲ. ಮುಟ್ಟಬಹುದಾದೋರು ನೀವೊಬ್ರೇ. ನಮ್ಮೆಲ್ಲರ ಪರವಾಗಿ ಎತ್ಕೊಳ್ಳಿ."

ಹೌದಲ್ಲ! ಬಸ್ಸು ಹತ್ತುವವರೆಗೂ ನನಗದು ಹೊಳೆದೇ ಇರಲಿಲ್ಲ... ಅಲ್ಲ, ಅವಳು ಹೇಳಿದಾಗಲೇ ಹೊಳೆಯಿತು, ನಂಬಿಕೆ ಬಂದದ್ದು ಬಸ್ಸಿನಲ್ಲಿ.

ಫೆಬ್ರುವರಿ 20, ಶುಕ್ರವಾರ. ಆಸ್ಪತ್ರೆ

ಎಡಗೈಯಲ್ಲಿ ಇವಳು. ಬಲಗೈಯಲ್ಲಿ ಪೆನ್ನು. ಕೂತಲ್ಲಿಂದ ಅಲ್ಲಾಡಲು ಭಯ. ಎಷ್ಟು ಸಣ್ಣ ಮೂಗು. ಇಷ್ಟರಲ್ಲಿ ಉಸಿರು ಸಾಲುತ್ತದೆಯೇ ಎಂದು ನರ್ಸಮ್ಮನನ್ನು ಕೇಳಿದೆ. "ನಿಮ್ಮ ಉಸಿರು ನೋಡ್ಕೊಳ್ಳಿ ತಾತ" ಎಂದಳು. ತನುಜ ನಕ್ಕು, ನಕ್ಕರೆ ಹೊಲಿಗೆ ನೋಯುತ್ತದೆ ಎಂದು ನನ್ನನ್ನೇ ಬೈದಳು. ಬಿ.ಪಿ. ಇಳಿದಿದೆ. ಅವಳದು.

ಗಣೇಶ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ಇಟ್ಟಿದ್ದಾನೆ. ಛತ್ರದಿಂದ ಅತ್ತೆಯ ವಿಡಿಯೋ ಕಾಲ್. ಅರ್ಧ ಮಂಟಪ, ಅರ್ಧ ಅತ್ತೆಯ ಹೆಬ್ಬೆರಳು. ಬೆರಳು ಸರಿಸಿ ಎಂದು ನಾವು ಮೂವರೂ ಕೂಗಿದೆವು. ಸರಿಸಿದರು. ಶ್ರೀವಲ್ಲಿ ಕಂಡಳು. ಹಸಿರು ಸೀರೆ. ಅಂತರಪಟ ಹಿಡಿದಿದ್ದಾರೆ. ಆಚೆ ಹುಡುಗ ಇಣುಕುತ್ತಿದ್ದಾನೆ, ಅವಧಾನಿಗಳು ಗದರುತ್ತಿದ್ದಾರೆ. ನೆಟ್‌ವರ್ಕ್ ನಿಂತು ನಿಂತು ಬರುತ್ತಿದೆ. ಅಣ್ಣ ಕೈಯಲ್ಲಿ ಗಿಂಡಿ ಹಿಡಿದು ಹಾಗೇ ಬೊಂಬೆಯಾಗಿದ್ದಾನೆ... ಹಾ, ಮತ್ತೆ ಅಲ್ಲಾಡಿದ.

ಗಟ್ಟಿಮೇಳ ಗಟ್ಟಿಮೇಳ ಎನ್ನುತ್ತಿದ್ದಾರೆ. ಇವಳಿಗೆ ಸದ್ದಾಗಿ ಎಚ್ಚರವಾದರೆ? ಕಾಲ್ ಸೌಂಡು ಕಮ್ಮಿ ಮಾಡೋ ಗಣೇಶ... ಬೇಡ, ಬೇಡ, ಜಾಸ್ತಿ ಮಾಡು. ಇವಳೂ ಕೇಳಲಿ. ಅಂತರಪಟ ಇಳಿಯಿತು. ಶ್ರೀವಲ್ಲಿ ನೇರ ಫೋನಿನ ಕಡೆ ನೋಡುತ್ತಿದ್ದಾಳೆ. ಎತ್ತಿ ತೋರಿಸಬೇಕು. ಕತ್ತಿನ ಕೆಳಗೆ ಕೈ ಕೊಡಬೇಕಂತೆ, ಪೆನ್ನು ಕೆಳಗಿಟ್ಟು ಎರಡೂ ಕೈ